ಚಳಿಗಾಲದ ಕೆಲಸ

ಅಪ್ಪನ ಕತ್ತರಿಗೆ ವರ್ಷಕ್ಕೆ ಎರಡೇ ಹಬ್ಬ:
ಪಾಸ್ಕ ಕಳೆದ ವಾರ ಒಂದು,
ಆಯುಧಪೂಜೆಯ ಮಾರನೆಯ ದಿನ ಇನ್ನೊಂದು,
ತೋಟದವರು ಹಚ್ಚಿದ ಕುಂಕುಮ ಒಣಗುವ ಮೊದಲೇ.

ಬೇರೆ ದೇಶಗಳಲ್ಲಿ ಬಳ್ಳಿ ಮಲಗುತ್ತದಂತೆ.
ಹಿಮ ಬಿದ್ದು, ಎಲೆ ಕಳಚಿ,
ನಾಲ್ಕು ತಿಂಗಳು ಸತ್ತಂತೆ ಬಿದ್ದಿದ್ದು
ಆಮೇಲೆ ಕಣ್ಣು ಬಿಡುತ್ತದಂತೆ.
ಆವತಿಯ ಬಳ್ಳಿಗೆ ಆ ಪುಣ್ಯವಿಲ್ಲ.
ಇಲ್ಲಿ ಡಿಸೆಂಬರ್ ಎಂದರೆ ಒಂದು ಸ್ವೆಟರು,
ಅದೂ ಬೆಳಗಿನ ಎಂಟರವರೆಗೆ.
ಸುಮ್ಮನೆ ಬಿಟ್ಟರೆ ಚಿಗುರುತ್ತಲೇ ಇರುತ್ತದೆ,
ಚಿಗುರಿ ಚಿಗುರಿ ಬಡವಾಗುತ್ತದೆ.
ಅದಕ್ಕೇ ಚೌರಪ್ಪನನ್ನು ಕರೆಸುತ್ತಿದ್ದರು
ದಿನಗೂಲಿಯ ಮೇಲೆ,
ಚಳಿಗಾಲದ ಕೆಲಸ ಮಾಡಲು.

ನಾನೀಗ ನಂದಿಬೆಟ್ಟದ ಈಚೆ, ಒಂದು ವೈನರಿಯಲ್ಲಿ
ಟ್ಯಾಂಕುಗಳ ಜ್ವರ ನೋಡುವವಳು.
ಹದಿನೆಂಟು ಡಿಗ್ರಿ, ಇಪ್ಪತ್ತಾರು ಡಿಗ್ರಿ,
ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತೇನೆ.
ಶಿರಾಜ್, ಸೊವಿನ್ಯೋ, ಶೆನಿನ್:
ಹಡಗಿಳಿದು ಬಂದ ಹೆಸರುಗಳು
ನಮ್ಮ ಬೋರ್‌ವೆಲ್ ನೀರು ಕುಡಿದು
ಮೂರು ವರ್ಷ ಮುಖ ಸಿಂಡರಿಸಿದ್ದವು.
ಆಮೇಲೆ ಬೇರಿಗೆ ಗರಸು ಸಿಕ್ಕಿತು.
ಕೆಂಪು ಗರಸು ನೀರು ಹಿಡಿದಿಡುವುದಿಲ್ಲ,
ಜಿಪುಣಿಯ ಹಾಗೆ ಅಳೆದು ಬಡಿಸುತ್ತದೆ.
ಹಸಿದ ಬಳ್ಳಿ ಕಾಯಿ ಕಿರಿದು ಮಾಡಿ
ಸಿಪ್ಪೆ ದಪ್ಪ ಮಾಡಿಕೊಳ್ಳುತ್ತದೆ.
ಕೆರೆಯ ಮಗ್ಗುಲ ಸಾಲು ಹಾಗಲ್ಲ.
ಜೇಡಿಮಣ್ಣು, ಕೇಳಿದಷ್ಟು ನೀರು, ಗುಂಡು ಗುಂಡು ಕಾಯಿ.
ಬಾಯಿಗಿಟ್ಟರೆ ಬರೀ ಒಳ್ಳೆಯತನ.

ನಡುವೆ ಇರುವುದು ಒಂದು ಬದು.
ಅದೇ ಮಳೆ, ಅದೇ ಬಿಸಿಲು,
ಒಂದೇ ತಾಯಿಬಳ್ಳಿಯ ಕಡ್ಡಿಗಳು.
ನನ್ನನ್ನೂ ಅಣ್ಣ ಇನ್ನಾಸಿಯನ್ನೂ ನೋಡಿ ಬೇಕಾದರೆ.
ಇರಲಿ, ಅದು ಬೇರೆ ಕಥೆ.

ಊರಿನ ಹೆಸರು ಹೊತ್ತ ನೀಲಿ ದ್ರಾಕ್ಷಿಯನ್ನು
ನಮ್ಮ ವೈನರಿ ಕೊಳ್ಳುವುದಿಲ್ಲ.
ರುಚಿ ನೋಡಲು ಬಂದವರೊಬ್ಬರು
ಲೋಟ ಅಲುಗಿಸಿ, ಮೂಸಿ,
'ನರಿವಾಸನೆ' ಎಂದರು. ಪುಸ್ತಕದಲ್ಲೂ ಹಾಗೇ ಇದೆಯಂತೆ.
ಕೇಳಬೇಕೆಂದುಕೊಂಡೆ, ಕೇಳಲಿಲ್ಲ:
ನರಿಯನ್ನು ಮೂಸಿದ್ದೀರಾ ಸಾರ್?
ಅಪ್ಪ ಮೂಸಿದ್ದ. ಗೊಂಚಲು ಕಾಯುವ ರಾತ್ರಿ
ಅಟ್ಟಣೆಯ ಕೆಳಗೆ ಸುಳಿದು ಹೋಗುತ್ತಿತ್ತು,
ಒದ್ದೆ ಕಂಬಳಿಯ ವಾಸನೆ ಅದಕ್ಕೆ.
ದ್ರಾಕ್ಷಿಯದು ಬೇರೆ:
ಗಾಜಿನ ಡಬ್ಬಿಯ ನೇರಳೆ ಪೆಪ್ಪರಮೆಂಟು,
ಬಿಸಿಲಿಗೆ ಕಾದ ಗೋಣಿಚೀಲ,
ರಸೆಲ್ ಮಾರ್ಕೆಟ್ಟಿನ ಬೆಳಗಿನ ಆರು ಗಂಟೆ.

ಲಿಂಗರಾಜಪುರದಲ್ಲಿ ಅತ್ತೆ ಜಪಮಾಲಮ್ಮ
ಕ್ರಿಸ್‌ಮಸ್ಸಿಗೆಂದು ಎರಡು ಭರಣಿ ಹಾಕುತ್ತಾಳೆ.
ನೀಲಿ ದ್ರಾಕ್ಷಿ, ಸಕ್ಕರೆ, ಹಿಡಿ ಗೋಧಿ, ನಾಲ್ಕು ಲವಂಗ,
ಬಾಯಿಗೆ ಹಳೆಯ ಪಂಚೆ.
ಪಂಚೆ ಅಪ್ಪನದು.
ಥರ್ಮಾಮೀಟರು ತರಲೇ ಎಂದರೆ
ಭರಣಿಗೆ ಕಿವಿ ಇಟ್ಟು 'ಇನ್ನೂ ಮಾತಾಡ್ತಾ ಇದೆ' ಅನ್ನುತ್ತಾಳೆ.

ಹೋದ ವರ್ಷ ಸೌಟಿನ ತುದಿ ನೆಕ್ಕಿ
ಇದು ಪಿಳ್ಳಪ್ಪನವರ ತೋಟದ್ದಲ್ಲ ಎಂದಳು.
ಆವತಿಯದೇ ಅತ್ತೆ, ನಾನೇ ತಂದದ್ದು.
ಆವತಿಯದಿರಬಹುದು. ಮಣ್ಣು ಬೇರೆ.

ಭಾನುವಾರ ಪೂಜೆ ಮುಗಿಸಿ ಬಸ್ಸು ಹತ್ತಿದೆ.
ಪಿಳ್ಳಪ್ಪನವರ ತೋಟದಲ್ಲಿ ಕಲ್ಲುಕಂಬಗಳು ರಾಶಿ ಬಿದ್ದಿದ್ದವು.
ನಾಲ್ಕಡಿ ಆಳದವರೆಗೂ ಕೆರೆದು
ಟಿಪ್ಪರಿಗೆ ತುಂಬಿದ್ದರು ಕೆಂಪನ್ನು.
ತಲೆಯ ಮೇಲೆ ವಿಮಾನವೊಂದು ಚಕ್ರ ಇಳಿಸಿಕೊಂಡು ಹೋಯಿತು.
ಎಲ್ಲಿಗೆ ಹೋಯಿತಣ್ಣ ಮಣ್ಣು ಎಂದೆ.
ಡ್ರೈವರು ಹೇಳಿದ: ಥಣಿಸಂದ್ರ, ಹನ್ನೆರಡು ಮಹಡಿ, ಗಾರ್ಡನ್ನಿಗೆ.

ವಿಳಾಸ ಹುಡುಕಿಕೊಂಡು ಯಾಕೆ ಹೋದೆನೋ.
ಹುಲ್ಲು ಹಾಸಿದ್ದರು, ಗುಲಾಬಿ ನೆಟ್ಟಿದ್ದರು.
ಕಾಂಪೌಂಡಿನ ಮೂಲೆಯಲ್ಲಿ, ಪೈಪಿನ ಪಕ್ಕ,
ಬುಡ ಮಾತ್ರ ಉಳಿದ ಯಾವುದೋ ಬೇರು
ಐದು ಬೆರಳಿನ ಎಲೆ ಬಿಟ್ಟಿತ್ತು.
ಮಾಲಿ ಅದಕ್ಕೆ ಕತ್ತರಿ ಹಾಕುತ್ತಿದ್ದ.

ವಾರಾ ವಾರಾ ಕತ್ತರಿಸ್ತೀನಿ ಮೇಡಂ, ಸಾಯಲ್ಲ ಇದು.

ವಾರಾ ವಾರಾ ಬೇಡ, ಎಂದೆ.
ವರ್ಷಕ್ಕೆ ಎರಡು ಸಲ ಸಾಕು.